ಹೆಸರಿದೆ, ವಿಳಾಸ ಸಿಗುತ್ತಿಲ್ಲ: ನೆಟ್‌ವರ್ಕ್ ಮೂಲಕ ಓಎಸ್ ಹಾಕುವಾಗ ಡಿಎನ್‌ಎಸ್ ದೋಷ ಹುಡುಕುವ ಬಗೆ

ಸೆಮಿಸ್ಟರ್ ರಜೆಯ ವಾರದಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಕೆಲಸ ಹೇಗಿರುತ್ತದೆಂದು ಅಲ್ಲಿ ದುಡಿದವರಿಗೇ ಗೊತ್ತು. 40 ಯಂತ್ರಗಳಿಗೂ ಹೊಸದಾಗಿ ವಿಂಡೋಸ್ ಹಾಕಬೇಕು, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ತುಂಬಬೇಕು, ಸೋಮವಾರ ವಿದ್ಯಾರ್ಥಿಗಳು ಬರುವ ಹೊತ್ತಿಗೆ ಎಲ್ಲವೂ ಲಾಗಿನ್ ಆಗುವಂತಿರಬೇಕು. ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ ಕೂರುವ ಕಾಲ ಹೋಯಿತು. ಸರ್ವರಿನಲ್ಲಿ ಒಂದು ಇಮೇಜ್ ಸಿದ್ಧಮಾಡಿಟ್ಟು ಯಂತ್ರಗಳನ್ನು ನೆಟ್‌ವರ್ಕ್‌ನಿಂದ ಬೂಟ್ ಮಾಡಿದರೆ ಉಳಿದದ್ದು ತಾನಾಗಿಯೇ ನಡೆಯಬೇಕು. ಅಂಥದೊಂದು ಶನಿವಾರ ನನ್ನ ಮುಂದೆ 17 ಯಂತ್ರಗಳು ಇಮೇಜ್ ಇಳಿಸಿಕೊಳ್ಳುತ್ತಿದ್ದವು. ಉಳಿದವು ಡಿಪ್ಲಾಯ್‌ಮೆಂಟ್ ಶೇರ್‌ಗೆ ಸಂಪರ್ಕ ಸಿಗಲಿಲ್ಲವೆಂದು ಹೇಳಿ ನಿಂತುಬಿಟ್ಟಿದ್ದವು.

ಲ್ಯಾಬ್ ಅಸಿಸ್ಟೆಂಟ್ "ಸರ್, ಕೇಬಲ್ ಬದಲಾಯಿಸಿ ನೋಡೋಣ" ಎಂದರು. ಬದಲಾಯಿಸಿದೆವು. ಎರಡು ಯಂತ್ರ ಸರಿಹೋದವು, ಮೊದಲು ಸರಿಯಿದ್ದ ಒಂದು ನಿಂತಿತು. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆವು. ಈ ಸಲ ಬೇರೆ ಯಂತ್ರಗಳು ನಿಂತವು. ಮಧ್ಯಾಹ್ನದವರೆಗೂ ಹೀಗೇ ಕಳೆಯಿತು. ಕೊನೆಗೆ ಸಿಕ್ಕ ಕಾರಣ ಕೇಬಲ್ಲಿನಲ್ಲೂ ಇರಲಿಲ್ಲ, ಸ್ವಿಚ್ಚಿನಲ್ಲೂ ಇರಲಿಲ್ಲ. ಡಿಎಚ್‌ಸಿಪಿ ಸರ್ವರಿನಲ್ಲಿ ಯಾರೋ ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದ ಒಂದು ಸಾಲಿನಲ್ಲಿತ್ತು. ಅದರ ಕಥೆ ಮುಂದೆ ಬರುತ್ತದೆ. ಆ ಬೆಳಿಗ್ಗೆ ನಾವು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಗಳು ಮೂರೇ: ಹೆಸರನ್ನು ಕೇಳಿದ್ದು ಯಾರು, ಯಾರನ್ನು ಕೇಳಿದ್ದು, ಬಂದ ಉತ್ತರ ಏನು? ಈ ಮೂರನ್ನು ಬಿಟ್ಟು ಕೇಬಲ್ ಹಿಡಿದದ್ದೇ ನಮ್ಮ ತಪ್ಪು.

ಮೌನ, ನಿರಾಕರಣೆ, ತಪ್ಪು ವಿಳಾಸ

ಹೆಸರಿನಿಂದ ವಿಳಾಸ ಸಿಗಲಿಲ್ಲ ಎನ್ನುವುದು ಒಂದೇ ದೋಷವಲ್ಲ. ಡಿಎನ್‌ಎಸ್ ಸರ್ವರ್ ಉತ್ತರವನ್ನೇ ಕೊಡದಿರಬಹುದು. "ಅಂಥ ಹೆಸರೇ ಇಲ್ಲ" ಎಂದು ಉತ್ತರ ಕೊಟ್ಟಿರಬಹುದು. ಅಥವಾ ಉತ್ತರವೇನೋ ಬಂದು, ಆ ವಿಳಾಸ ಹಳೆಯದೋ ಬೇರೆಯವರದೋ ಆಗಿರಬಹುದು. ಮೌನವಾದರೆ ದಾರಿಯಲ್ಲಿ ತೊಡಕಿದೆ: ನೆಟ್‌ವರ್ಕ್ ಡ್ರೈವರ್, ವಿಎಲ್ಯಾನ್, ಫೈರ್‌ವಾಲ್, ಗೇಟ್‌ವೇ. ನಿರಾಕರಣೆಯಾದರೆ ದಾರಿ ಸರಿಯಿದೆ, ಕೇಳಿದ ಹೆಸರೋ ಕೇಳಿದ ಸರ್ವರೋ ತಪ್ಪಿದೆ. ತಪ್ಪು ವಿಳಾಸವಾದರೆ ಡಿಎನ್‌ಎಸ್ ವಲಯದ ದಾಖಲೆಯನ್ನೇ ತೆರೆದು ನೋಡಬೇಕು. ಪರದೆಯ ಮೇಲೆ ಈ ಮೂರಕ್ಕೂ ಬಹುಪಾಲು ಒಂದೇ ಸಂದೇಶ ಬರುತ್ತದೆ. ಅದಕ್ಕೇ ಪರದೆಯ ಸಂದೇಶ ನಂಬಿ ಕೆಲಸ ಶುರು ಮಾಡಬಾರದು.

ಪರೀಕ್ಷೆ ನಿಮ್ಮ ಲ್ಯಾಪ್‌ಟಾಪಿನಿಂದ ಬೇಡ. ನಿಮ್ಮ ಲ್ಯಾಪ್‌ಟಾಪ್ ಡೊಮೇನ್‌ಗೆ ಸೇರಿದೆ, ಅದರಲ್ಲಿ ಹಳೆಯ ಉತ್ತರಗಳು ನೆನಪಿನಲ್ಲಿವೆ, ಬಹುಶಃ ಬೇರೆ ವಿಎಲ್ಯಾನ್‌ನಲ್ಲೂ ಇದೆ. ಅಲ್ಲಿ ಹೆಸರು ಸಿಕ್ಕರೆ ನಿಂತಿರುವ ಯಂತ್ರದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಿಂತ ಯಂತ್ರದ ಮುಂದೆಯೇ ಕೂರಬೇಕು. ಇಮೇಜ್ ಇಳಿಸಲು ಮೊದಲು ಎದ್ದುಕೊಳ್ಳುವ ಪುಟ್ಟ ವಿಂಡೋಸ್, ಅಂದರೆ ವಿಂಡೋಸ್ ಪಿಇ ಪರಿಸರದಲ್ಲಿ ಎಫ್8 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಕಾನ್ಫಿಗರೇಶನ್ ಮ್ಯಾನೇಜರ್ ಬಳಸುವವರು ಬೂಟ್ ಇಮೇಜಿನ ಗುಣಲಕ್ಷಣಗಳಲ್ಲಿ ಕಮಾಂಡ್ ಸಪೋರ್ಟ್ ಅನ್ನು ಮೊದಲೇ ಆನ್ ಮಾಡಿಟ್ಟಿರಬೇಕು, ಇಲ್ಲದಿದ್ದರೆ ಆ ಕೀಲಿ ಕೆಲಸ ಮಾಡದು. ಪ್ರಯೋಗದ ಹಂತದಲ್ಲಿ ಇದನ್ನು ಆನ್ ಮಾಡದೆ ನಾನು ಯಾವ ಬೂಟ್ ಇಮೇಜನ್ನೂ ಹೊರಗೆ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಭದ್ರತೆಯ ದೃಷ್ಟಿಯಿಂದ ಆಫ್ ಮಾಡಿದರಾಯಿತು.

ಕಪ್ಪು ಕಿಟಕಿಯಲ್ಲಿ ಮೊದಲ ಆದೇಶ ಐಪಿಕಾನ್ಫಿಗ್, ಜೊತೆಗೆ /ಆಲ್. ಇದರಲ್ಲಿ ನೋಡಬೇಕಾದ ಸಾಲು ನಾಲ್ಕು: ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಸರ್ವರ್‌ಗಳು, ಡಿಎನ್‌ಎಸ್ ಸಫಿಕ್ಸ್. ಕಾರ್ಡಿನ ಹೆಸರೇ ಕಾಣದಿದ್ದರೆ ಬೂಟ್ ಇಮೇಜಿನಲ್ಲಿ ನೆಟ್‌ವರ್ಕ್ ಡ್ರೈವರ್ ಇಲ್ಲ, ಡಿಎನ್‌ಎಸ್ ಮಾತು ಅಲ್ಲಿಗೇ ಮುಗಿಯಿತು. ವಿಳಾಸ 169.254 ಎಂದು ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಏನೂ ಬರಲಿಲ್ಲ, ಯಂತ್ರ ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಇದಕ್ಕೆ ಮೇಲಿಂದ ಮೇಲೆ ಕಾಣುವ ಕಾರಣ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ. ಹಳೆಯ ಕ್ರಮದಲ್ಲಿ ಪೋರ್ಟ್ ಜೀವ ಪಡೆದ ಮೇಲೆ ಕೇಳಿಸಿಕೊಳ್ಳುವುದಕ್ಕೆ 15 ಸೆಕೆಂಡ್, ಕಲಿಯುವುದಕ್ಕೆ 15 ಸೆಕೆಂಡ್, ಒಟ್ಟು ಅರ್ಧ ನಿಮಿಷ ಮಾಹಿತಿ ಹಾಯುವುದಿಲ್ಲ. ನೆಟ್‌ವರ್ಕ್ ಬೂಟ್‌ನಲ್ಲಿ ಒಮ್ಮೆ ಫರ್ಮ್‌ವೇರ್, ಇನ್ನೊಮ್ಮೆ ವಿಂಡೋಸ್ ಪಿಇ ಕಾರ್ಡನ್ನು ಹೊಸದಾಗಿ ಎಬ್ಬಿಸುತ್ತವೆ. ಪ್ರತಿ ಸಲವೂ ಈ ಅರ್ಧ ನಿಮಿಷ ಕಾಯಬೇಕಾದರೆ ತಾಳ್ಮೆಯಿಲ್ಲದ ಸ್ಕ್ರಿಪ್ಟ್ ಅಷ್ಟರಲ್ಲೇ ಸೋತುಬಿಡುತ್ತದೆ. ಯಂತ್ರಗಳಿಗೆ ಹೋಗುವ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್ ಹಾಕಿಸಿ. ಕಪ್ಪು ಕಿಟಕಿಯಲ್ಲಿ ಒಂದು ನಿಮಿಷ ಬಿಟ್ಟು ನೋಡಿದಾಗ ಸರಿಯಾದ ವಿಳಾಸ ಬಂದಿದ್ದರೆ ಅನುಮಾನ ಇದರ ಮೇಲೆಯೇ ಇರಲಿ.

ಮುಂದಿನದು ಪಿಂಗ್. ಇಲ್ಲೊಂದು ಗೊಂದಲವನ್ನು ಹಲವು ಕಡೆ ಕಂಡಿದ್ದೇನೆ. ಸರ್ವರಿನ ಹೆಸರಿಗೆ ಪಿಂಗ್ ಹೊಡೆದಾಗ ಮೊದಲ ಸಾಲಿನಲ್ಲಿ ಆವರಣದೊಳಗೆ ಐಪಿ ವಿಳಾಸ ಕಂಡು, ನಂತರ ನಾಲ್ಕು ಸಲ ಸಮಯ ಮುಗಿಯಿತು ಎಂದು ಬಂದರೆ ಹೆಸರಿನ ಕೆಲಸ ಮುಗಿದಿದೆ. ಪಿಂಗ್‌ಗೆ ಉತ್ತರ ಬರದಂತೆ ಫೈರ್‌ವಾಲ್ ತಡೆದಿರಬಹುದು, ಅಷ್ಟೇ. ಹಾಗೆಯೇ ನೆಟ್ ಯೂಸ್ ಆದೇಶ ಕೊಟ್ಟಾಗ 1326 ಎಂಬ ದೋಷ ಬಂದರೆ ಹೆಸರು ಸಿಕ್ಕಿ, ಸರ್ವರ್ ಮಾತಾಡಿ, ಪಾಸ್‌ವರ್ಡ್ ತಪ್ಪೆಂದು ಹೇಳಿದೆ. 53 ಎಂದರೆ ದಾರಿ ಸಿಗಲಿಲ್ಲ, ಹೆಸರಿನ ದೋಷವೂ ಇರಬಹುದು. 67 ಬಂದರೆ ಶೇರಿನ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿ. ಕಾನ್ಫಿಗರೇಶನ್ ಮ್ಯಾನೇಜರಿನ ಎಸ್‌ಎಂಎಸ್‌ಟಿಎಸ್ ಲಾಗಿನಲ್ಲಿ 80072ಇಇ7 ಎಂಬ ಸಂಕೇತ ಕಂಡರೆ ಮಾತ್ರ ಅನುಮಾನವೇ ಬೇಡ: ಹೆಸರಿಗೆ ವಿಳಾಸ ಸಿಗಲಿಲ್ಲ ಎಂಬುದೇ ಅದರ ಅರ್ಥ. ಕೊನೆಯ ಅಂಕಿ 2 ಆಗಿದ್ದರೆ ಅದು ಕಾದು ಸಾಕಾದ ದೋಷ, ಬೇರೆ ದಾರಿ.

ಎನ್‌ಎಸ್‌ಲುಕಪ್ ಒಳ್ಳೆಯ ಸಾಧನ. ನಿಮ್ಮ ಬೂಟ್ ಇಮೇಜಿನಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅದರ ಸ್ವಭಾವ ಮಾತ್ರ ಗೊತ್ತಿರಬೇಕು. ಅದು ಹೋಸ್ಟ್ಸ್ ಕಡತವನ್ನು ಓದುವುದಿಲ್ಲ, ಯಂತ್ರದ ನೆನಪಿನಲ್ಲಿರುವ ಉತ್ತರವನ್ನೂ ನೋಡುವುದಿಲ್ಲ, ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಪಿಂಗ್ ಇವೆಲ್ಲವನ್ನೂ ಬಳಸುತ್ತದೆ. ಹಾಗಾಗಿ ಎರಡರ ಉತ್ತರ ಬೇರೆಯಾದರೆ ಅದೇ ಒಂದು ಸುಳಿವು. ಇನ್ನು, ಎನ್‌ಎಸ್‌ಲುಕಪ್ ಶುರುವಿನಲ್ಲಿ ಸರ್ವರಿನ ಹೆಸರು ಅಜ್ಞಾತ ಎಂದು ತೋರಿಸಿದರೆ ಗಾಬರಿ ಬೇಡ. ಡಿಎನ್‌ಎಸ್ ಸರ್ವರಿನ ಐಪಿಗೆ ತಿರುಗು ದಾಖಲೆ ಬರೆದಿಲ್ಲ ಎಂದಷ್ಟೇ ಅದರರ್ಥ, ನಿಮ್ಮ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರನ್ನು ಬರೆಯುವಾಗ ಕೊನೆಗೊಂದು ಚುಕ್ಕೆ ಇಡಿ. ಇಡದಿದ್ದರೆ ಅದು ಸಫಿಕ್ಸ್ ಅಂಟಿಸಿ ಕೇಳಬಹುದು, ಆಗ ನೀವು ಕೇಳಿದ್ದೊಂದು, ಸರ್ವರ್ ಉತ್ತರಿಸಿದ್ದು ಇನ್ನೊಂದು ಆಗುತ್ತದೆ.

ಚಿಕ್ಕ ಹೆಸರು ತಂದ ದೊಡ್ಡ ತೊಂದರೆ

ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಅದನ್ನು ಕೈಯಿಂದ ತಿದ್ದಿ ಇಡುತ್ತಿದ್ದರು, ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್‌ನ ಮೊದಲ ರೂಪವನ್ನು ಬರೆದರು. ಹೆಸರಿನ ಹಿಂದೆ ವಲಯ, ಅದರ ಹಿಂದೆ ಇನ್ನೊಂದು ವಲಯ ಎಂಬ ಕ್ರಮ ಅಲ್ಲಿಂದ ಬಂದದ್ದು. ನಮ್ಮ ಊರಿನಲ್ಲಿ "ಪಟೇಲರ ಮನೆ" ಎಂದರೆ ಸಾಕು, ಪಕ್ಕದ ಜಿಲ್ಲೆಯಿಂದ ಕಾಗದ ಬರೆಯುವವರು ಊರು, ತಾಲ್ಲೂಕು ಸೇರಿಸಲೇಬೇಕಲ್ಲ, ಹಾಗೆ.

ಓಎಸ್ ಹಾಕುವಾಗ ಮರೆತುಹೋಗುವುದು ಈ ಊರು, ತಾಲ್ಲೂಕಿನ ಭಾಗವೇ. ಸರ್ವರಿನ ಹೆಸರು ಇಮೇಜ್01 ಎಂದಿಟ್ಟುಕೊಳ್ಳಿ. ಆಡಳಿತಗಾರರು ಸೆಟ್ಟಿಂಗ್ ಕಡತದಲ್ಲಿ ಅಷ್ಟನ್ನೇ ಬರೆಯುತ್ತಾರೆ. ಪ್ರಯೋಗಕ್ಕೆ ಇಟ್ಟ ಯಂತ್ರ ಸರ್ವರಿನ ಪಕ್ಕದಲ್ಲೇ, ಅದೇ ಸಬ್‌ನೆಟ್‌ನಲ್ಲಿರುತ್ತದೆ. ಅಲ್ಲಿ ಡಿಎನ್‌ಎಸ್ ಸೋತರೂ ನೆಟ್‌ಬಯಾಸ್ ಎಂಬ ಹಳೆಯ ಪದ್ಧತಿ "ಇಮೇಜ್01 ಯಾರು?" ಎಂದು ಇಡೀ ಸಬ್‌ನೆಟ್‌ಗೆ ಕೂಗಿ ಕೇಳುತ್ತದೆ, ಸರ್ವರ್ ಓಗೊಡುತ್ತದೆ. ಎಲ್ಲ ಸರಿಯಿದೆ ಎಂದುಕೊಂಡು ಲ್ಯಾಬಿಗೆ ಹೋದರೆ ಅದು ಬೇರೆ ವಿಎಲ್ಯಾನ್. ಕೂಗು ರೌಟರ್ ದಾಟುವುದಿಲ್ಲ. ಪ್ರಯೋಗದಲ್ಲಿ ಪಾಸಾಗಿ ಕಟ್ಟಡದಲ್ಲಿ ಫೇಲಾಗುವ ಕೆಲಸಗಳಲ್ಲಿ ಈ ಕಾರಣ ಎಷ್ಟು ಸಲ ಸಿಕ್ಕಿದೆಯೆಂದರೆ, ಈಗ ಪ್ರಯೋಗದ ಯಂತ್ರವನ್ನು ಬೇಕೆಂದೇ ಬೇರೆ ಸಬ್‌ನೆಟ್‌ನಲ್ಲಿ ಇಡುತ್ತೇನೆ.

ಡೊಮೇನ್‌ಗೆ ಸೇರಿದ ಯಂತ್ರ ಚಿಕ್ಕ ಹೆಸರಿಗೆ ತನ್ನ ಡೊಮೇನಿನ ಸಫಿಕ್ಸನ್ನು ತಾನೇ ಅಂಟಿಸಿಕೊಳ್ಳುತ್ತದೆ. ವಿಂಡೋಸ್ ಪಿಇ ಯಾವ ಡೊಮೇನಿಗೂ ಸೇರಿದ್ದಲ್ಲ. ಅದಕ್ಕೆ ಸಫಿಕ್ಸ್ ಗೊತ್ತಾಗುವುದು ಡಿಎಚ್‌ಸಿಪಿಯ 15ನೇ ಆಪ್ಷನ್‌ನಿಂದ. ಆ ಸಾಲು ಖಾಲಿಯಿದ್ದರೆ ಅಥವಾ ರೌಟರ್ ಕಂಪನಿಯ ಯಾವುದೋ ಪೂರ್ವನಿಗದಿತ ಹೆಸರಿದ್ದರೆ ಚಿಕ್ಕ ಹೆಸರು ಸಿಗುವುದೇ ಇಲ್ಲ. 15ನೇ ಆಪ್ಷನ್ ಸರಿಮಾಡಿ, ಅದರ ಜೊತೆಗೇ ಎಲ್ಲ ಸೆಟ್ಟಿಂಗ್ ಕಡತಗಳಲ್ಲಿ ಪೂರ್ಣ ಹೆಸರನ್ನೇ ಬರೆಯಿರಿ. ಎರಡರಲ್ಲಿ ಒಂದು ಸಾಕು ಎಂದು ನನಗೆ ಅನಿಸುವುದಿಲ್ಲ, ಎರಡೂ ಬೇಕು.

ಫರ್ಮ್‌ವೇರ್ ಹಂತದ್ದು ಸಣ್ಣ ವಿಷಯ, ಆದರೆ ಗೊತ್ತಿರಲಿ. ಡಿಎಚ್‌ಸಿಪಿಯ 66ನೇ ಆಪ್ಷನ್ ಬೂಟ್ ಸರ್ವರಿನ ಹೆಸರಿಗಾಗಿ ಇರುವುದು, 67ನೆಯದು ಬೂಟ್ ಕಡತಕ್ಕೆ. ಆದರೆ ಎಷ್ಟೋ ಪಿಎಕ್ಸ್‌ಇ ಫರ್ಮ್‌ವೇರ್‌ಗಳಿಗೆ ಡಿಎನ್‌ಎಸ್ ಕೇಳಲು ಬರುವುದಿಲ್ಲ. ಅಲ್ಲಿ ಐಪಿ ವಿಳಾಸವನ್ನೇ ಕೊಡುವುದು ಕ್ಷೇಮ. 2015ರ ಯುಇಎಫ್‌ಐ 2.5 ಆವೃತ್ತಿಯಿಂದ ಬಂದ ಎಚ್‌ಟಿಟಿಪಿ ಬೂಟ್ ಮಾತ್ರ ಹೆಸರನ್ನು ಅರ್ಥಮಾಡಿಕೊಳ್ಳುತ್ತದೆ. ಅದನ್ನು ಬಳಸುವುದಾದರೆ ಡಿಎನ್‌ಎಸ್ ಸರ್ವರನ್ನು ಹೇಳುವ 6ನೇ ಆಪ್ಷನ್ ಮೊದಲ ಹಂತದಿಂದಲೇ ಸರಿಯಿರಬೇಕು.

ಎರಡನೆಯ ಡಿಎನ್‌ಎಸ್

ಈಗ ಆ ಶನಿವಾರದ ಮಾತಿಗೆ ಬರುತ್ತೇನೆ. ನಿಂತಿದ್ದ ಒಂದು ಯಂತ್ರದಲ್ಲಿ ಐಪಿಕಾನ್ಫಿಗ್ ಕೊಟ್ಟಾಗ ಡಿಎನ್‌ಎಸ್ ಸಾಲಿನಲ್ಲಿ ಎರಡು ವಿಳಾಸಗಳು ಕಂಡವು. ಮೊದಲನೆಯದು ಕಾಲೇಜಿನ ಒಳಗಿನ ಸರ್ವರ್. ಎರಡನೆಯದು 8.8.8.8, ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಒಳಗಿನದು ಕೆಟ್ಟರೂ ಇಂಟರ್ನೆಟ್ ನಡೆಯಲಿ ಎಂದು ಯಾರೋ ಸೇರಿಸಿದ್ದರು. ಇದು ನಮ್ಮ ಕಚೇರಿ, ಶಾಲೆ, ಕಾಲೇಜುಗಳಲ್ಲಿ ಬಹಳ ಸಾಮಾನ್ಯವಾದ ಅಭ್ಯಾಸ, ಮಾಡುವವರಿಗೆ ತಪ್ಪೆಂದು ತೋರುವುದೂ ಇಲ್ಲ.

ಎರಡು ಡಿಎನ್‌ಎಸ್ ಕೊಟ್ಟರೆ ಯಂತ್ರ ಮೊದಲನೆಯದರಲ್ಲಿ ಹೆಸರು ಸಿಗದಿದ್ದಾಗ ಎರಡನೆಯದರಲ್ಲಿ ಹುಡುಕುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯದು ಮೌನವಾಗಿದ್ದರೆ ಮಾತ್ರ ಎರಡನೆಯದರ ಬಳಿ ಹೋಗುತ್ತದೆ. ವಿಂಡೋಸ್ ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. ಎರಡರಲ್ಲಿ ಯಾವುದು "ಅಂಥ ಹೆಸರಿಲ್ಲ" ಎಂದರೂ ಅದೇ ಅಂತಿಮ ತೀರ್ಪು, ಇನ್ನೊಂದನ್ನು ಕೇಳುವುದಿಲ್ಲ. ನಮ್ಮಲ್ಲಿ ಒಳಗಿನ ಸರ್ವರ್ ಹಳೆಯದು, 40 ಯಂತ್ರಗಳು ಒಟ್ಟಿಗೆ ಎದ್ದು ಕೇಳಿದಾಗ ಕೆಲವಕ್ಕೆ ಉತ್ತರ ತಡವಾಯಿತು. ಆ ಕೆಲವು 8.8.8.8ನ್ನು ಕೇಳಿದವು. ಕಾಲೇಜಿನ ಒಳಗಿನ ಹೆಸರು ಹೊರಗಿನ ಸರ್ವರಿಗೆ ಹೇಗೆ ಗೊತ್ತಿರಬೇಕು? ಇಲ್ಲವೆಂದಿತು. ಯಂತ್ರ ನಂಬಿತು, ನಿಂತಿತು. ಕೇಬಲ್ ಬದಲಾಯಿಸಿದಾಗ ಕೆಲವು ಸರಿಹೋದದ್ದು ಕೇಬಲ್ಲಿನಿಂದಲ್ಲ, ಆ ಹೊತ್ತಿಗೆ ಒಳಗಿನ ಸರ್ವರ್ ಬಿಡುವಾಗಿದ್ದರಿಂದ.

6ನೇ ಆಪ್ಷನ್‌ನಿಂದ ಹೊರಗಿನ ವಿಳಾಸವನ್ನು ತೆಗೆದೆವು. ಒಳಗೆ ಇನ್ನೊಂದು ಡಿಎನ್‌ಎಸ್ ಸರ್ವರನ್ನು ಎಬ್ಬಿಸಿದೆವು. ಹೊರಗಿನ ಹೆಸರುಗಳಿಗೆ ಆ ಎರಡು ಸರ್ವರ್‌ಗಳೇ ಗೂಗಲ್ ಡಿಎನ್‌ಎಸ್‌ಗೆ ಫಾರ್ವರ್ಡ್ ಮಾಡುವಂತೆ ಬರೆದೆವು. ನಿಯಮ ಒಂದೇ: ಯಂತ್ರಕ್ಕೆ ಕೊಡುವ ಎಲ್ಲ ಡಿಎನ್‌ಎಸ್ ಸರ್ವರ್‌ಗಳಿಗೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಗೊತ್ತಿರಬೇಕು. ಹೀಗೆ ಬಿಟ್ಟುಬಿಟ್ಟು ಬರುವ ದೋಷ, ಅಂದರೆ ಅದೇ ಯಂತ್ರ ಒಮ್ಮೆ ಸರಿ ಒಮ್ಮೆ ತಪ್ಪು ಎಂಬಂಥದ್ದು, ಎಲ್ಲಿ ಕಂಡರೂ ನಾನು ಮೊದಲು ನೋಡುವುದು ಈ ಸಾಲನ್ನು.

ಇಲ್ಲೇ ಇನ್ನೊಂದು ವಿಷಯ. "ಇಲ್ಲ" ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ದಾಖಲೆ ಬರೆಯಲು ಮರೆತು ಯಂತ್ರಗಳನ್ನು ಎಬ್ಬಿಸಿ, ಆಮೇಲೆ ದಾಖಲೆ ಬರೆದರೂ ಸ್ವಲ್ಪ ಹೊತ್ತು ಹಳೆಯ ನಿರಾಕರಣೆಯೇ ಬರುತ್ತಿರುತ್ತದೆ. ಬೈಂಡ್ ತಂತ್ರಾಂಶ ಅದನ್ನು ಪೂರ್ವನಿಗದಿಯಂತೆ 3 ಗಂಟೆಯವರೆಗೂ ಇಟ್ಟುಕೊಳ್ಳಬಹುದು. ದಾಖಲೆ ತಿದ್ದಿದ ಮೇಲೆ ಉತ್ತರಿಸುವ ಸರ್ವರಿನ ನೆನಪನ್ನೂ ಅಳಿಸಿ, ಯಂತ್ರದಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ, ಆಮೇಲೆ ಮತ್ತೆ ಪರೀಕ್ಷಿಸಿ. ಇದನ್ನು ಮಾಡದೆ ಸರಿಯಾದ ತಿದ್ದುಪಡಿಯನ್ನೇ ತಪ್ಪೆಂದು ತಿಳಿದು ವಾಪಸ್ ತೆಗೆದವರಿದ್ದಾರೆ.

ಇಮೇಜ್ ಇಳಿದ ಮೇಲೆ

ಇಮೇಜ್ ಇಳಿದು ಯಂತ್ರ ಮೊದಲ ಸಲ ತನ್ನದೇ ಡಿಸ್ಕಿನಿಂದ ಎದ್ದಾಗ ಎಲ್ಲವೂ ಹೊಸದು. ಡ್ರೈವರ್ ಬೇರೆ, ಸೆಟ್ಟಿಂಗ್ ಬೇರೆ. ವಿಂಡೋಸ್ ಪಿಇಯಲ್ಲಿ ಹೆಸರು ಸಿಕ್ಕಿದ್ದರಿಂದ ಇಲ್ಲೂ ಸಿಗಬೇಕೆಂದಿಲ್ಲ. ಸೆಟಪ್‌ಗೆ ಕೊಡುವ ಉತ್ತರ ಕಡತದಲ್ಲಿ ಸ್ಥಿರ ಡಿಎನ್‌ಎಸ್ ಬರೆದು, ಅದು ಹಳೆಯ ಸರ್ವರಿನದಾಗಿ ಉಳಿದಿರುವುದೂ ಉಂಟು. ಡೊಮೇನ್ ಸೇರುವ ಹಂತಕ್ಕೆ ಸರ್ವರಿನ ಹೆಸರಷ್ಟೇ ಸಾಲದು. ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಹೇಳುವ ಎಸ್‌ಆರ್‌ವಿ ದಾಖಲೆ ಡಿಎನ್‌ಎಸ್‌ನಲ್ಲಿರಬೇಕು. ಡೊಮೇನ್ ಕಂಟ್ರೋಲರಿಗೆ ಪಿಂಗ್ ಹೋಗುತ್ತಿದೆ, ಡೊಮೇನ್ ಮಾತ್ರ ಸೇರುತ್ತಿಲ್ಲ ಎಂಬ ದೂರಿಗೆ ಇದೇ ಕಾರಣವಾಗಿರುವುದು ಹೆಚ್ಚು. ವಿಂಡೋಸ್ ಫೋಲ್ಡರಿನೊಳಗಿನ ಡಿಬಗ್ ಫೋಲ್ಡರಿನಲ್ಲಿ ನೆಟ್‌ಸೆಟಪ್ ಲಾಗ್ ಇರುತ್ತದೆ, ಅದನ್ನು ತೆರೆಯಿರಿ. 1355 ಎಂದಿದ್ದರೆ ಡೊಮೇನನ್ನೇ ಹುಡುಕಲಾಗಲಿಲ್ಲ. 9003 ಅಥವಾ 232ಬಿ ಎಂದು ಕಂಡರೆ ಡಿಎನ್‌ಎಸ್ "ಅಂಥ ಹೆಸರಿಲ್ಲ" ಎಂದಿದೆ.

ಹಳೆಯ ಯಂತ್ರಕ್ಕೆ ಅದೇ ಹೆಸರಿಟ್ಟು ಮತ್ತೆ ಓಎಸ್ ಹಾಕಿದಾಗ ಬರುವ ತೊಡಕು ಇನ್ನೊಂದು ಬಗೆಯದು. ಡೊಮೇನಿನ ಹಳೆಯ ಕಂಪ್ಯೂಟರ್ ಖಾತೆಯನ್ನು ಅಳಿಸಿ ಹೊಸದನ್ನು ಸೃಷ್ಟಿಸಿದರೆ, ಹೆಸರು ಒಂದೇ ಆದರೂ ಡೊಮೇನಿನ ಕಣ್ಣಿಗೆ ಅದು ಬೇರೆ ಯಂತ್ರ. ಡಿಎನ್‌ಎಸ್‌ನಲ್ಲಿರುವ ದಾಖಲೆಯ ಒಡೆತನ ಹಳೆಯ ಖಾತೆಯದೇ. ಸುರಕ್ಷಿತ ಅಪ್‌ಡೇಟ್ ಮಾತ್ರ ಒಪ್ಪುವ ವಲಯದಲ್ಲಿ ಹೊಸ ಯಂತ್ರ ಅದನ್ನು ತಿದ್ದಲಾರದು. ಹೀಗೆ ಹೆಸರು ಹಳೆಯ ಐಪಿಯನ್ನೇ ತೋರಿಸುತ್ತಾ ಕೂರುತ್ತದೆ. ಮೈಕ್ರೋಸಾಫ್ಟ್ ಡಿಎನ್‌ಎಸ್‌ನಲ್ಲಿ ಹಳೆಯ ದಾಖಲೆ ಗುಡಿಸುವ ಸ್ಕ್ಯಾವೆಂಜಿಂಗ್ ವ್ಯವಸ್ಥೆ ಇದೆ, ಅದರ ಪೂರ್ವನಿಗದಿ ಅವಧಿಗಳು 7 ದಿನ ಮತ್ತು 7 ದಿನ. ಅಂದರೆ ಅದನ್ನೇ ನಂಬಿದರೆ ಎರಡು ವಾರ. ಖಾತೆಯನ್ನು ಅಳಿಸದೆ ಮರುಬಳಸಿ. ಅಳಿಸಲೇಬೇಕಾದರೆ ಅದರ ಡಿಎನ್‌ಎಸ್ ದಾಖಲೆಯನ್ನೂ ಕೂಡ ಅಳಿಸಿ.

ಫೈರ್‌ವಾಲಿನಲ್ಲಿ 53ನೇ ಪೋರ್ಟನ್ನು ಯುಡಿಪಿಗೆ ಮಾತ್ರ ತೆರೆದು ಟಿಸಿಪಿಗೆ ಮುಚ್ಚಿದ್ದಾರೆಯೇ ಎಂದೂ ನೋಡಿ. ಉತ್ತರ ದೊಡ್ಡದಾದಾಗ ಯಂತ್ರ ಟಿಸಿಪಿಯಲ್ಲಿ ಮತ್ತೆ ಕೇಳುತ್ತದೆ. ಡೊಮೇನ್ ಕಂಟ್ರೋಲರ್‌ಗಳು ಹೆಚ್ಚಿರುವ ಸಂಸ್ಥೆಗಳಲ್ಲಿ ಎಸ್‌ಆರ್‌ವಿ ಉತ್ತರ ಹಾಗೆ ಬೆಳೆಯುತ್ತದೆ.

ಲಿನಕ್ಸ್ ಹಾಕುವವರಿಗೆ

ಲಿನಕ್ಸ್‌ನಲ್ಲೂ ಮೂರು ಪ್ರಶ್ನೆಗಳು ಅವೇ. ರೆಡ್‌ಹ್ಯಾಟ್ ಬಳಗದ ಇನ್‌ಸ್ಟಾಲರ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿದರೆ ಶೆಲ್ ಸಿಗುತ್ತದೆ. ಡೆಬಿಯನ್‌ನಲ್ಲಿ ಆಲ್ಟ್ ಎಫ್2 ಶೆಲ್, ಆಲ್ಟ್ ಎಫ್4 ಲಾಗ್. ಅಲ್ಲಿ ಇಟಿಸಿ ಫೋಲ್ಡರಿನ ರಿಸಾಲ್ವ್ ಕಾನ್ಫ್ ಕಡತವನ್ನು ತೆರೆದು ನೇಮ್‌ಸರ್ವರ್ ಸಾಲು ಇದೆಯೇ ನೋಡಿ.

ಕಿಕ್‌ಸ್ಟಾರ್ಟ್ ಬಳಸುವವರನ್ನು ಕಾಡುವುದು ಪೋಸ್ಟ್ ವಿಭಾಗ. ಇಡೀ ಇನ್‌ಸ್ಟಾಲ್ ಚೆನ್ನಾಗಿ ನಡೆದು, ಕೊನೆಯ ಈ ಸ್ಕ್ರಿಪ್ಟ್‌ನಲ್ಲಿ ಪ್ಯಾಕೇಜ್ ಇಳಿಸಲು ಹೋದಾಗ ಹೆಸರು ಸಿಗುವುದಿಲ್ಲ. ಕಾರಣ, ಅದು ಓಡುವುದು ಹೊಸದಾಗಿ ಬರೆದ ಸಿಸ್ಟಮ್‌ನ ಒಳಗೆ, ಕ್ರೂಟ್‌ನಲ್ಲಿ. ಡಿಎಚ್‌ಸಿಪಿ ಬಳಸಿದ್ದರೆ ಆ ಹೊತ್ತಿಗೆ ಅಲ್ಲಿನ ರಿಸಾಲ್ವ್ ಕಾನ್ಫ್ ಪೂರ್ತಿಯಾಗಿರುವುದಿಲ್ಲ ಎಂದು ರೆಡ್‌ಹ್ಯಾಟ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ನೆಟ್‌ವರ್ಕ್ ಇರುತ್ತದೆ, ಹೆಸರು ಮಾತ್ರ ಸಿಗದು. ಪೋಸ್ಟ್‌ಗೆ ನೋಕ್ರೂಟ್ ಆಯ್ಕೆ ಕೊಟ್ಟ ಒಂದು ಚಿಕ್ಕ ವಿಭಾಗವನ್ನು ಮೊದಲು ಬರೆದು, ಇನ್‌ಸ್ಟಾಲರಿನ ರಿಸಾಲ್ವ್ ಕಾನ್ಫ್ ಅನ್ನು ಹೊಸ ಸಿಸ್ಟಮ್‌ನ ಒಳಕ್ಕೆ ನಕಲು ಮಾಡಿದರೆ ಮುಂದಿನ ವಿಭಾಗ ಸರಾಗವಾಗಿ ಓಡುತ್ತದೆ.

ನಿಮ್ಮ ಒಳಗಿನ ಡೊಮೇನಿನ ಹೆಸರು ಡಾಟ್ ಲೋಕಲ್ ಎಂದು ಮುಗಿಯುತ್ತಿದ್ದರೆ ಇನ್ನೊಂದು ಬಲೆಯಿದೆ. 2013ರಲ್ಲಿ ಆ ಅಂತ್ಯವನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಿಟ್ಟರು. ಕೆಲವು ಲಿನಕ್ಸ್ ವಿತರಣೆಗಳು ಅಂಥ ಹೆಸರನ್ನು ಡಿಎನ್‌ಎಸ್ ಸರ್ವರಿಗೆ ಕಳಿಸುವುದೇ ಇಲ್ಲ, ಅಕ್ಕಪಕ್ಕದಲ್ಲಿ ಕೇಳಿ ಸುಮ್ಮನಾಗುತ್ತವೆ. ವಿಂಡೋಸ್ ಯಂತ್ರಗಳಿಗೆ ಸಿಗುವ ಹೆಸರು ಲಿನಕ್ಸ್ ಯಂತ್ರಕ್ಕೆ ಮಾತ್ರ ಸಿಗದಿದ್ದರೆ ಎನ್‌ಎಸ್‌ಸ್ವಿಚ್ ಕಾನ್ಫ್ ಕಡತದ ಹೋಸ್ಟ್ಸ್ ಸಾಲನ್ನು ಓದಿ.

ಇಷ್ಟೆಲ್ಲ ನೋಡಿದರೂ ಸುಳಿವು ಸಿಗದಿದ್ದರೆ ಊಹೆ ನಿಲ್ಲಿಸಿ, ಡಿಎನ್‌ಎಸ್ ಸರ್ವರಿನಲ್ಲಿ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್ ಓಡಿಸಿ 53ನೇ ಪೋರ್ಟಿನ ಮಾತುಕತೆಯನ್ನು ಹಿಡಿಯಿರಿ. ಪ್ರಶ್ನೆ ಬಂತೇ, ಯಾವ ಹೆಸರಿಗೆ ಬಂತು, ಉತ್ತರ ಹೋಯಿತೇ, ಎಲ್ಲವೂ ಅಲ್ಲಿ ಕಾಣುತ್ತದೆ. ಪ್ರಶ್ನೆಯೇ ಬರದಿದ್ದರೆ ಯಂತ್ರ ಬೇರೆ ಯಾರನ್ನೋ ಕೇಳುತ್ತಿದೆ, ಇಲ್ಲವೇ ದಾರಿಯಲ್ಲಿ ಯಾರೋ ತಡೆದಿದ್ದಾರೆ.

ಕೆಲಸದ ಒತ್ತಡದಲ್ಲಿ ಎಲ್ಲರೂ ಮಾಡುವ ಉಪಾಯವೊಂದಿದೆ: ಹೆಸರಿನ ಜಾಗದಲ್ಲಿ ಐಪಿ ವಿಳಾಸವನ್ನೇ ಬರೆಯುವುದು ಅಥವಾ ಬೂಟ್ ಇಮೇಜಿನ ಹೋಸ್ಟ್ಸ್ ಕಡತದಲ್ಲಿ ಒಂದು ಸಾಲು ಸೇರಿಸುವುದು. ದೋಷ ಡಿಎನ್‌ಎಸ್‌ನದೇ ಎಂದು ಖಚಿತಪಡಿಸಿಕೊಳ್ಳಲು ಅದು ಒಳ್ಳೆಯ ಪರೀಕ್ಷೆ, ಸೋಮವಾರದ ಗಡುವು ಮುಟ್ಟಲೂ ಆದೀತು. ಅದು ಅಲ್ಲೇ ಉಳಿಯಬಾರದು. ಎಚ್‌ಟಿಟಿಪಿಎಸ್ ಪ್ರಮಾಣಪತ್ರದಲ್ಲಿ ಇರುವುದು ಹೆಸರು, ಐಪಿ ಬರೆದರೆ ಆ ಸಂಪರ್ಕ ಒಪ್ಪಿಗೆಯಾಗದು. ಡೊಮೇನ್ ಯಂತ್ರಗಳಲ್ಲಿ ಐಪಿ ಮೂಲಕ ಶೇರ್ ತೆರೆದರೆ ಸಾಮಾನ್ಯವಾಗಿ ಕರ್ಬರೋಸ್ ಬಳಕೆಯಾಗುವುದಿಲ್ಲ. ಮುಂದೊಂದು ದಿನ ಸರ್ವರ್ ಬದಲಾದಾಗ ಆ ಸಾಲು ಎಲ್ಲಿ ಬರೆದಿದೆಯೆಂದು ನಿಮ್ಮ ನಂತರ ಬಂದವರಿಗೆ ಗೊತ್ತಿರುವುದಿಲ್ಲ. ಹಾಗೆ ಬರೆದ ದಿನವೇ ಒಂದು ಕಾಗದದಲ್ಲಿ ಕಡತದ ಹೆಸರು, ಸಾಲು, ದಿನಾಂಕ ಬರೆದು ಸರ್ವರ್ ಕೋಣೆಯಲ್ಲಿ ಅಂಟಿಸಿ, ಲ್ಯಾಬ್ ಒಪ್ಪಿಸುವ ಮೊದಲು ತೆಗೆದುಬಿಡಿ.